ಗ್ರೂಪ್ ಬಿಟ್ಟವರಿಗೆ ಸೀಟು ಇದೆಯೇ?

ಹೋದ ವಾರ ಮಂಗಳವಾರ ಬೆಳಿಗ್ಗೆ, ಕಾಲಿಡಲು ಜಾಗವಿಲ್ಲದ ರೈಲಿನಲ್ಲಿ, ಒಂದು ಸೀಟು ಬಂಗಾರಪೇಟೆಯಿಂದ ಮಾಲೂರಿನವರೆಗೆ ಖಾಲಿಯಾಗಿಯೇ ಪ್ರಯಾಣ ಮಾಡಿತು.

ಸೀಟು ಮುರಿದಿರಲಿಲ್ಲ. ಒದ್ದೆಯಾಗಿರಲಿಲ್ಲ. ಅದರ ಮೇಲೊಂದು ಹಸಿರು ಟವೆಲ್ ಇತ್ತು, ಅಷ್ಟೆ. ಟವೆಲ್ ಹಾಸಿದವರು ಪಕ್ಕದಲ್ಲೇ ಕೂತಿದ್ದರು. ಯಾರಿಗಾಗಿ ಹಾಸಿದ್ದರೋ ಅವರು ಎದುರಿಗೇ ನಿಂತಿದ್ದರು. ನಡುವೆ ಎರಡಡಿ ಅಂತರ. ಸುತ್ತ ಜನ ಒಂಟಿಕಾಲಲ್ಲಿ ತೂಗಾಡುತ್ತಿದ್ದರು. ಯಾರೂ ಕೂರಲಿಲ್ಲ.

ಕಾರಣ? ಎಲೆಕ್ಟ್ರಿಕ್ ಕಾರು.

(ಆ ಬೋಗಿಯಲ್ಲಿದ್ದ ನಮ್ಮ ಪೈಕಿ ಯಾರ ಬಳಿಯೂ ಯಾವ ಕಾರೂ ಇಲ್ಲ. ಇದ್ದಿದ್ದರೆ ಆ ರೈಲಿನಲ್ಲಿ ಯಾಕಿರುತ್ತಿದ್ದೆವು?)

ಮೊದಲಿನಿಂದ ಹೇಳುತ್ತೇನೆ. ಬೆಳಗಿನ ರೈಲು ಮಾರಿಕುಪ್ಪಂನಲ್ಲಿ ಹೊರಡುವಾಗ ಖಾಲಿ. ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟುವಷ್ಟರಲ್ಲಿ ಸೀಟುಗಳೆಲ್ಲ ಭರ್ತಿ. ಬಂಗಾರಪೇಟೆಯಲ್ಲಿ ಹತ್ತುವವರಿಗೆ ಕಂಬಿಯೇ ಗತಿ. ಹಾಗಾಗಿ ಮಾರಿಕುಪ್ಪಂನವರು ಬಂಗಾರಪೇಟೆಯ ಗೆಳೆಯರಿಗಾಗಿ ಸೀಟಿನ ಮೇಲೆ ಕರ್ಚೀಫ್, ಟಿಫನ್ ಬ್ಯಾಗ್, ಟವೆಲ್ ಹಾಕಿಡುತ್ತಾರೆ. ರೈಲ್ವೆಯ ಯಾವ ನಿಯಮದಲ್ಲೂ ಇದಿಲ್ಲ. ಆದರೆ ಕೋರ್ಟಿನ ತಡೆಯಾಜ್ಞೆಗೆ ಸಿಗದ ಮರ್ಯಾದೆ ನಮ್ಮ ಲೈನಿನಲ್ಲಿ ಟವೆಲ್ಲಿಗೆ ಸಿಗುತ್ತದೆ.

ನಮ್ಮ ಬೆಂಚಿನ ಟವೆಲ್ ಸೆಲ್ವರಾಜ್ ಅವರದು. ಮಾರಿಕುಪ್ಪಂನವರು. ಕೆಜಿಎಫ್‌ನ ಚಿನ್ನದ ಗಣಿ ಮುಚ್ಚುವ ಮುನ್ನ ಎಂಟು ವರ್ಷ ಭೂಮಿಯೊಳಗೆ ದುಡಿದವರು. ಈಗ ಕೃಷ್ಣರಾಜಪುರದ ಹತ್ತಿರದ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿನಲ್ಲಿ ಸೆಕ್ಯುರಿಟಿ. "ಅವತ್ತೂ ಅಂಡರ್‌ಗ್ರೌಂಡ್, ಇವತ್ತೂ ಅಂಡರ್‌ಗ್ರೌಂಡ್ ಸಾರ್. ಅವತ್ತು ಬೇರೆಯವರ ಚಿನ್ನ, ಇವತ್ತು ಬೇರೆಯವರ ಕಾರು," ಎನ್ನುತ್ತಾರೆ.

ಟವೆಲ್ ಇರುವುದು ಮುನಿವೆಂಕಟಪ್ಪನವರಿಗಾಗಿ. ಬಂಗಾರಪೇಟೆ ಪಕ್ಕದ ಹಳ್ಳಿ. ಮೂರು ಹಸು, ಒಂದಿಷ್ಟು ಹೊಲ, ಜೊತೆಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಅಟೆಂಡರ್ ಕೆಲಸ. ನಿವೃತ್ತಿಗೆ ಎರಡು ವರ್ಷ ಬಾಕಿ. ಹೋದ ವರ್ಷ ಬೆನ್ನಿನ ಡಿಸ್ಕ್ ಆಪರೇಷನ್ ಆಯಿತು. ಡಾಕ್ಟರು ಎರಡೇ ವಾಕ್ಯ ಹೇಳಿದ್ದರು: ಕೂತು ಹೋಗುವುದಾದರೆ ಕೆಲಸಕ್ಕೆ ಹೋಗಿ. ನಿಂತು ಹೋಗುವುದಾದರೆ ಕೆಲಸ ಬಿಡಿ.

ಅಂದಿನಿಂದ ಆ ಟವೆಲ್ ಬರೀ ಟವೆಲ್ ಅಲ್ಲ. ಮುನಿವೆಂಕಟಪ್ಪನವರ ನೌಕರಿ.

ನಾನು ಊರಿಗಾಂನಲ್ಲಿ ಹತ್ತುತ್ತೇನೆ. ನನ್ನ ಕಿಟಕಿ ಸೀಟನ್ನೂ ಸೆಲ್ವರಾಜ್ ಅವರೇ ತಮ್ಮ ಊಟದ ಬ್ಯಾಗ್ ಇಟ್ಟು ಕಾಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಪತ್ರಿಕೆಯ ಡೆಸ್ಕಿನಲ್ಲಿರುವ ನನಗೆ ಒಂದೇ ಪಾಠ ಚೆನ್ನಾಗಿ ಬರುತ್ತದೆ. ನೋಡು, ಬರೆದುಕೋ, ನಡುವೆ ಬೀಳಬೇಡ.

ಇನ್ನು ನಮ್ಮ ಮೊಬೈಲ್ ಗ್ರೂಪ್. ಹೆಸರು 'ಮೂರನೇ ಬೋಗಿ ಗೆಳೆಯರು'. ರೈಲು ಎಷ್ಟು ಲೇಟು, ಯಾವ ಬೋಗಿಯಲ್ಲಿ ಜಾಗವಿದೆ ಎಂದು ತಿಳಿಸಲು ಶುರುವಾದದ್ದು. ಈಗ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿ ತಿಳಿಯುತ್ತದೆ. ಯಾವ ಫೋನಿನ ಕ್ಯಾಮೆರಾ ಚೆನ್ನ, ಯಾವ ಸರ್ಕಾರ ಯಾವಾಗ ಬೀಳುತ್ತದೆ, ಡೀಸೆಲ್ ಇಂಜಿನ್ನಿಗೆ ಸಮ ಯಾವುದು. ರೈಲು ಎಷ್ಟು ಲೇಟು ಎಂದು ಯಾರಾದರೂ ಕೇಳಿದರೆ 'ವಿಷಯಾಂತರ ಮಾಡಬೇಡಿ' ಎಂದು ಉತ್ತರ ಬರುತ್ತದೆ.

ಅಡ್ಮಿನ್ ಶಿವಾನಂದ ಸರ್. ಹಾವೇರಿ ಕಡೆಯವರು. ಕೆಜಿಎಫ್‌ನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಇಲ್ಲೇ ಮನೆ ಕಟ್ಟಿದ್ದಾರೆ. ಅವರು ಈಗ ರೈಲು ಹತ್ತುವುದಿಲ್ಲ. ಆದ್ದರಿಂದ ಗ್ರೂಪಿಗೆ ಪೂರ್ತಿ ಸಮಯ ಕೊಡಲು ಸಾಧ್ಯವಾಗಿದೆ.

ಅವರದೇ ಒಂದು ನಿಯಮವಿದೆ. ಬೋಗಿಯಲ್ಲಿ ವಾದ ಮಾಡುವಂತಿಲ್ಲ. ಒಂದು ಚುನಾವಣೆ ಸಮಯದಲ್ಲಿ ಬಾಯಿಂದಲೇ ಜಗಳ ನಡೆದು, ಎದುರು ಬೆಂಚಿನ ಬಾಣಂತಿಯ ಮಗು ಎದ್ದು, ಆಕೆ ನಮ್ಮೆಲ್ಲರಿಗೂ ಮೂರು ಭಾಷೆಯಲ್ಲಿ ಬೈದಿದ್ದರು. ಅಂದೇ ಶಿವಾನಂದ ಸರ್ ಬರೆದರು: "ಬೋಗ್ಯಾಗ ಬಾಯಿ ಮುಚ್ಚಬೇಕು. ಏನಿದ್ರೂ ಗ್ರೂಪಿನ್ಯಾಗ. ನಿಯಮ ಅಂದ್ರ ನಿಯಮ."

ಪರಿಣಾಮ ಏನಾಯಿತು? ಈಗ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ಟೈಪ್ ಮಾಡಿ ಬೈಯುತ್ತಾರೆ. ಮೂಢ, ಮಾರಿಕೊಂಡವನು, ದೇಶದ್ರೋಹಿ. ಬೈದು ಮುಗಿಸಿ, ತಲೆ ಎತ್ತಿ, "ಅಣ್ಣ, ಒಂಚೂರು ನೀರು ಕೊಡಿ" ಎಂದು ಅವರ ಬಾಟಲಿಯಲ್ಲೇ ಕುಡಿಯುತ್ತಾರೆ. ಹೊಸಬರು ನೋಡಿದರೆ ಇದೆಂಥ ಸಭ್ಯ ಬೋಗಿ ಎಂದುಕೊಳ್ಳಬೇಕು.

ವ್ಯವಸ್ಥೆ ಚೆನ್ನಾಗಿಯೇ ನಡೆದಿತ್ತು. ಹೋದ ವಾರದ ಸೋಮವಾರದವರೆಗೆ.

ಸೋಮವಾರ ಮುನಿವೆಂಕಟಪ್ಪನವರು ಒಂದು ವಿಡಿಯೊ ಹಾಕಿದರು. ಎಲೆಕ್ಟ್ರಿಕ್ ಕಾರೊಂದು ಬೆಟ್ಟ ಹತ್ತುತ್ತಿತ್ತು. ಕೆಳಗೆ ಅವರ ಒಕ್ಕಣೆ: "ಇನ್ನ ಇದೇ ಎಲ್ಲಾ ಕಡೆ. ಪೆಟ್ರೋಲು ಬಂಕೆಲ್ಲಾ ಮುಚ್ಕೊಂಡು ಓಗ್ತಾವೆ."

ಎರಡು ನಿಮಿಷದಲ್ಲಿ ಸೆಲ್ವರಾಜ್ ಅವರ ಉತ್ತರ: "ಎಲ್ಲಾ ಕಡೆ ಆಗ್ಲಿ ಅಣ್ಣ. ಕೆಜಿಎಫ್‌ನಲ್ಲಿ ಆಗಲ್ಲ. ಬ್ಯಾಟರಿ ವೆಯ್ಟ್ ಜಾಸ್ತಿ. ನಮ್ಮ ನೆಲ ಒಳಗೆ ಪೊಳ್ಳು. ಇಳಿದುಬಿಡತ್ತೆ."

ಎಲೆಕ್ಟ್ರಿಕ್ ಕಾರಿನ ಬಗ್ಗೆ ಜಗತ್ತಿನಲ್ಲಿ ಏನೇನೋ ವಾದಗಳಿವೆ. ಬೆಂಕಿ ಹತ್ತುತ್ತದೆ, ಚಾರ್ಜ್ ನಿಲ್ಲುವುದಿಲ್ಲ ಇತ್ಯಾದಿ. ನೆಲ ಕುಸಿದು ಗಣಿಗೆ ಬೀಳುತ್ತದೆ ಎಂಬುದು ನಮ್ಮೂರಿನ ಸ್ವಂತ ಕೊಡುಗೆ.

"ಹಾಲಿನ ಟ್ಯಾಂಕರ್ ದಿನಾ ಓಡಾಡ್ತೈತೆ. ಅದಕ್ಕಿಂತ ವೆಯ್ಟಾ ಕಾರು?"

"ಟ್ಯಾಂಕರ್ ನಿಮ್ಮೂರಿಗೆ ಬರತ್ತೆ. ಚಾಂಪಿಯನ್ ರೀಫ್ಸ್ ಗಣಿ ಮೇಲೆ ಬರತ್ತಾ? ನೀವು ನೆಲ ಮೇಲಿಂದ ನೋಡಿದೋರು. ನಾನು ಕೆಳಗಿಂದ ನೋಡಿದೋನು."

ನೆಲವನ್ನು ಕೆಳಗಿನಿಂದ ನೋಡಿದವರ ಜೊತೆ ಹೇಗೆ ವಾದಿಸುತ್ತೀರಿ?

ಗ್ರೂಪ್ ವಾದಿಸಿತು. ನಂದಿದುರ್ಗ ಗಣಿ ಕಾಲೊನಿಯ ಸದಸ್ಯರೊಬ್ಬರು ಮೊಬೈಲಿನ ಎಐಗೆ ಕೇಳಿದರು: ಕೆಜಿಎಫ್ ನೆಲ ಪೊಳ್ಳಾಗಿರುವುದರಿಂದ ಭಾರದ ವಾಹನ ಅಪಾಯಕಾರಿ ಅಲ್ಲವೇ? ಅದು, ಒಳ್ಳೆಯ ಪ್ರಶ್ನೆ, ಎಚ್ಚರಿಕೆ ಅಗತ್ಯ ಎಂದಿತು. ಇನ್ನೊಬ್ಬರು ಅದನ್ನೇ ತಿರುಗಿಸಿ ಕೇಳಿದರು: ಕೆಜಿಎಫ್ ರಸ್ತೆಯಲ್ಲಿ ಬಸ್ಸೇ ಓಡುವಾಗ ಎಲೆಕ್ಟ್ರಿಕ್ ಕಾರಿಗೆ ಏನಾಗುತ್ತದೆ? ಅದೂ ಒಳ್ಳೆಯ ಪ್ರಶ್ನೆಯೇ ಆಗಿತ್ತು. ಏನೂ ಆಗುವುದಿಲ್ಲ ಎಂದಿತು. ಎರಡೂ ಕಡೆಯವರು ಎರಡೂ ಸ್ಕ್ರೀನ್‌ಶಾಟ್‌ಗಳನ್ನು ಸಾಕ್ಷಿಯಾಗಿ ಹಾಕಿ ಗೆದ್ದರು.

ಅಲ್ಲಿಂದ ರಾಜಕೀಯಕ್ಕೆ ನಾಲ್ಕೇ ಮೆಸೇಜ್. ಗಣಿ ಮುಚ್ಚಿದ್ದು ಯಾರ ಕಾಲದಲ್ಲಿ, ಮುಚ್ಚಿದ ಮೇಲೆ ನೋಡಿಕೊಳ್ಳದಿದ್ದವರು ಯಾರು, ಮುಂದೆ ತೆರೆಯುತ್ತೇವೆ ಎಂದವರು ಯಾರು. ಶಿವಾನಂದ ಸರ್ ಹನ್ನೊಂದು ಭಾಗಗಳಲ್ಲಿ ಒಂದು ಲೇಖನ ಹಾಕಿದರು. ಏಳನೇ ಭಾಗ ಬರಲಿಲ್ಲ. ಯಾರೂ ಕೇಳಲಿಲ್ಲ.

ಆಗ ಮುನಿವೆಂಕಟಪ್ಪನವರು ಬರೆಯಬಾರದ ವಾಕ್ಯ ಬರೆದರು. "ಅಗೆದೋರು ನೀವು. ತೂತು ಮಾಡಿದೋರು ನೀವು. ಈಗ ಕಾರ್ ಮೇಲೆ ಯಾಕಪ್ಪ ಆಕ್ತೀಯಾ?"

ಸೆಲ್ವರಾಜ್ ಅವರ ಅಪ್ಪ ಶ್ವಾಸಕೋಶದಲ್ಲಿ ಗಣಿಯ ಧೂಳು ತುಂಬಿಕೊಂಡೇ ತೀರಿಕೊಂಡವರು. ಅದು ಬೋಗಿಯಲ್ಲಿ ಎಲ್ಲರಿಗೂ ಗೊತ್ತು. ಮುನಿವೆಂಕಟಪ್ಪನವರಿಗೂ ಗೊತ್ತು. ಟೈಪ್ ಮಾಡುವ ಬೆರಳಿಗೆ ಮಾತ್ರ ಆ ಕ್ಷಣ ಗೊತ್ತಿರಲಿಲ್ಲ.

ಸೆಲ್ವರಾಜ್ ಬರೆದರು: "ನಾವು ಅಗೆದ್ವಿ. ನಮ್ಮ ಜನ ಒಳಗೇ ಹೋದ್ರು. ನೀವು ಹಾಲು ಮಾರ್ಕೊಂಡು ಮೇಲೆ ನಿಂತು ನೋಡಿದ್ರಿ. ಕೂರಕ್ಕೆ ಸೀಟು ಹಿಡಿಯೋದೂ ನಾವೇ."

ಮಧ್ಯಾಹ್ನ ಊಟದ ಹೊತ್ತಿಗೆ ತೆರೆಯ ಮೇಲೆ ಒಂದು ಸಣ್ಣ ಸಾಲು ಕಾಣಿಸಿತು. ಮುನಿವೆಂಕಟಪ್ಪ ಲೆಫ್ಟ್.

ಮರುದಿನ ಮಂಗಳವಾರ. ಮಾರಿಕುಪ್ಪಂನಲ್ಲಿ ಸೆಲ್ವರಾಜ್ ಟವೆಲ್ ಹಾಸಿದರು. ಅಭ್ಯಾಸಬಲವೋ, ಇನ್ನೇನೋ. ನಾನು ಕೇಳಲಿಲ್ಲ.

ಬಂಗಾರಪೇಟೆಯಲ್ಲಿ ಮುನಿವೆಂಕಟಪ್ಪನವರು ಹತ್ತಿದರು. ನೇರ ನಮ್ಮ ಬೆಂಚಿಗೆ ಬಂದರು. ಕಂಬಿ ಹಿಡಿದು ನಿಂತರು. ಸೆಲ್ವರಾಜ್ ಕತ್ತೆತ್ತಲಿಲ್ಲ. ಕೂರಿ ಎನ್ನಲಿಲ್ಲ. ಟವೆಲ್ ತೆಗೆಯಲೂ ಇಲ್ಲ. ತೆಗೆದರೆ ಬೇರೆಯವರು ಕೂರುತ್ತಾರಲ್ಲ?

ನನ್ನ ಫೋನ್ ಅಲುಗಾಡಿತು. ಮುನಿವೆಂಕಟಪ್ಪನವರ ಖಾಸಗಿ ಮೆಸೇಜ್. "ಸಾರ್, ಅವ್ನಿಗೆ ಹೇಳಿ. ಟವಾಲ್ ತೆಕ್ಕೊಳ್ಳಾಕೆ. ನಂಗೇನು ಬ್ಯಾಡ."

ತಲೆ ಎತ್ತಿದರೆ ಕೈಗೆಟುಕುವಷ್ಟು ಹತ್ತಿರ ನಿಂತಿದ್ದಾರೆ. ಅವರು ಗ್ರೂಪಿನಲ್ಲಿಲ್ಲ. ಬೋಗಿಯಲ್ಲಿ ಬಾಯಿ ತೆರೆಯುವಂತಿಲ್ಲ. ಉಳಿದ ದಾರಿ ನಾನೊಬ್ಬನೇ. ನಾನು ಅದನ್ನು ಗ್ರೂಪಿಗೆ ಫಾರ್ವರ್ಡ್ ಮಾಡಿದೆ. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಅದು ವೃತ್ತಿಧರ್ಮ.

ಸೆಲ್ವರಾಜ್ ಓದಿದರು. ಟೈಪ್ ಮಾಡಿದರು. "ಅವರಿಗೆ ಹೇಳಿ ಸಾರ್. ಟವೆಲ್ ನಂದು. ಎಲ್ಲಿ ಬೇಕಾದ್ರೂ ಒಣಗಿಸ್ತೀನಿ." ಅದನ್ನು ಮುನಿವೆಂಕಟಪ್ಪನವರಿಗೆ ಕಳಿಸಿದೆ. ಅವರು ಓದಿ ಕಿಟಕಿಯಾಚೆ ನೋಡಿದರು.

ಅಷ್ಟರಲ್ಲಿ ಶಿವಾನಂದ ಸರ್ ಮನೆಯಿಂದಲೇ ಕಾರ್ಯಪ್ರವೃತ್ತರಾದರು. ಗ್ರೂಪಿನಲ್ಲಿ ಮತದಾನ ಹಾಕಿದರು. ಪ್ರಶ್ನೆ: ಗ್ರೂಪ್ ಬಿಟ್ಟವರಿಗೆ ಸೀಟು ಇದೆಯೇ? ಆಯ್ಕೆ ಮೂರು. ಇದೆ. ಇಲ್ಲ. ಮೊದಲು ಕ್ಷಮೆ ಕೇಳಲಿ. ಯಾರೋ ನಾಲ್ಕನೆಯದನ್ನು ಸೇರಿಸಿದರು. ಡೀಸೆಲ್.

ತ್ಯಾಕಲ್ ಬಂತು. ಹೊಸ ಮುಖದ ಯುವಕನೊಬ್ಬ ನುಗ್ಗಿ ಬಂದು ಸೀಟು ನೋಡಿದ.

"ಇಲ್ಲಿ ಯಾರಾದ್ರೂ ಇದಾರಾ?"

"ಇದಾರೆ," ಎಂದರು ಎದುರು ಬೆಂಚಿನವರು, ಪಿಸುಮಾತಿನಲ್ಲಿ.

"ಎಲ್ಲಿ?"

"ಇವರೇ. ನಿಂತಿದಾರಲ್ಲ."

"ಮತ್ತೆ ಕೂರಲ್ವಾ?"

"ಗ್ರೂಪ್ ಬಿಟ್ಟಿದಾರೆ."

ಯುವಕ ಎಲ್ಲರ ಮುಖ ಒಮ್ಮೆ ನೋಡಿ, ಬಾಗಿಲ ಹತ್ತಿರ ಹೋಗಿ ನಿಂತ. ಅಲ್ಲೇ ಕ್ಷೇಮ ಅನ್ನಿಸಿರಬೇಕು.

ಮತದಾನದಲ್ಲಿ ಹಳೆಯ ಸದಸ್ಯರೆಲ್ಲ ಎದ್ದು ಬಂದರು. ಆರು ವರ್ಷದ ಹಿಂದೆ ಮಸ್ಕತ್ತಿಗೆ ಹೋದವರೊಬ್ಬರು 'ಇಲ್ಲ' ಒತ್ತಿದರು. ಅವರಿಗೆ ಈ ರೈಲಿನ ಯಾವ ಸೀಟೂ ಬೇಕಿಲ್ಲ, ಆದರೆ ಶಿಸ್ತು ಬೇಕಂತೆ. ಕಡೆಗೆ ಫಲಿತಾಂಶ ಬಂತು. ಡೀಸೆಲ್ ಗೆದ್ದಿತ್ತು.

"ಬಹುಮತಕ್ಕ ಗೌರವ ಕೊಡಬೇಕ್ರೀ," ಎಂದು ಶಿವಾನಂದ ಸರ್ ಬರೆದರು. ಹೇಗೆ ಕೊಡುವುದೆಂದು ಬರೆಯಲಿಲ್ಲ.

ಈ ಹೊತ್ತಿಗೆ ಮುನಿವೆಂಕಟಪ್ಪನವರ ಮುಖ ಬಿಳಿಚಿಕೊಂಡಿತ್ತು. ರೈಲು ಹಳಿ ಬದಲಿಸಿ ಕುಲುಕಿದಾಗಲೆಲ್ಲ ಕಂಬಿ ಹಿಡಿದ ಕೈ ಬಿಗಿಯಾಗುತ್ತಿತ್ತು. ಇನ್ನೊಂದು ಕೈ ಸೊಂಟದ ಮೇಲಿತ್ತು. ಸೆಲ್ವರಾಜ್ ಫೋನ್ ನೋಡುತ್ತಿದ್ದರು, ತೆರೆ ಆರಿಹೋಗಿ ಎಷ್ಟೋ ಹೊತ್ತಾಗಿತ್ತು. ನಾನು ಎರಡನ್ನೂ ಗಮನಿಸಿದೆ. ಸಮಯವನ್ನೂ ಗುರುತು ಹಾಕಿಕೊಂಡೆ.

ಮಾಲೂರು.

ಕರಿಬೇವಿನ ಮಂಕರಿ ಹೊತ್ತ ಅಜ್ಜಿಯೊಬ್ಬರು ಹತ್ತಿದರು. ಜನರನ್ನು ಮೊಣಕೈಯಿಂದ ಸರಿಸುತ್ತಾ ಬಂದರು. ಟವೆಲ್ ನೋಡಿದರು. ಯಾರನ್ನೂ ಏನೂ ಕೇಳಲಿಲ್ಲ. ಅದನ್ನೆತ್ತಿ ಮುಖದ ಬೆವರು ಒರೆಸಿಕೊಂಡು, ಮಡಿಲಿಗೆ ಹಾಕಿಕೊಂಡು, ಕೂತರು.

"ಅಮ್ಮಾ!" ಸೆಲ್ವರಾಜ್ ಕೂಗಿಯೇಬಿಟ್ಟರು. ಬಾಯಿಂದ. ವರ್ಷಗಳ ನಂತರ ಮೂರನೇ ಬೋಗಿಯಲ್ಲಿ ಕೇಳಿದ ಮೊದಲ ಗಟ್ಟಿ ದನಿ. "ಎದ್ದೇಳಿ ಅಮ್ಮಾ! ಅದು ನಮ್ಮಣ್ಣನ ಸೀಟು! ಅವರಿಗೆ ಬೆನ್ನು ಆಪರೇಷನ್ ಆಗಿದೆ. ನಿಲ್ಲೋ ಹಾಗಿಲ್ಲ!"

"ಯಾವಣ್ಣ?"

"ಇವರೇ! ನಿಮ್ಮ ಎದುರಿಗೆ!"

ಅಜ್ಜಿ ಮುನಿವೆಂಕಟಪ್ಪನವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೆಲ್ವರಾಜ್ ಅವರನ್ನು. "ಆಪ್ರೇಸನ್ ಆದೋನ್ನ ನಿಲ್ಸಿಬುಟ್ಟು ಟವಾಲ್ನ ಕೂರ್ಸಿದ್ರಾ? ಎಂಥಾ ಜನಾನಪ್ಪಾ ನೀವು! ನಾನೇಳಲ್ಲ ಓಗು. ನಂಗೂ ಸೊಂಟ ಬಿದ್ದೋಗೈತೆ."

ಸೆಲ್ವರಾಜ್ ತಟ್ಟನೆ ಎದ್ದುನಿಂತರು. "ಅಣ್ಣ, ನೀವು ನನ್ನ ಸೀಟಲ್ಲಿ ಕೂರಿ."

"ಬ್ಯಾಡ ಬುಡು."

"ಕೂರಿ ಅಂದೆನಲ್ಲ!"

"ಸೀಟು ಇಡಿಯೋದೂ ನಾವೇ ಅಂತ ಬರ್ದೋನು ನೀನು. ನಾನ್ಯಾಕ್ಲಾ ಕೂತ್ಕೊಳ್ಲಿ?"

"ನೀವು ಬರೆದಿದ್ದು? ಅದನ್ನ ಯಾರು ತಡ್ಕೋತಾರೆ?"

"ನಾನ್ ಬರ್ದಿದ್ದು ತಪ್ಪು. ತಪ್ಪು ಅಂತ ಗೊತ್ತಾಗೇ ಗ್ರೂಪ್ ಬುಟ್ಟಿದ್ದು. ನಿನ್ ಮಕ ಎಂಗೆ ನೋಡ್ಲಿ ಅಂತ ಬುಟ್ಟಿದ್ದು ಕಣ್ಲಾ!"

ಸೆಲ್ವರಾಜ್ ಕೂರಿ ಎಂದು ಕೈ ತೋರಿಸಿದರು. ಮುನಿವೆಂಕಟಪ್ಪನವರು ತಲೆ ಆಡಿಸಿದರು. ಈಗ ಇಬ್ಬರೂ ನಿಂತಿದ್ದರು, ಅವರಿಬ್ಬರ ನಡುವೆ ಮತ್ತೊಂದು ಸೀಟು ಖಾಲಿ ಇತ್ತು. ಪರಿಸ್ಥಿತಿ ಸುಧಾರಿಸಿದೆಯೋ ಹದಗೆಟ್ಟಿದೆಯೋ ಹೇಳುವುದು ಕಷ್ಟವಿತ್ತು.

ಅಜ್ಜಿ ಆ ಕಷ್ಟ ತಪ್ಪಿಸಿದರು. ಕಾಲ ಬಳಿಯಿದ್ದ ಮಂಕರಿಯನ್ನು ಎತ್ತಿ ಆ ಸೀಟಿನ ಮೇಲಿಟ್ಟರು. "ಅಬ್ಬ, ಕಾಲು ಚಾಚಂಗಾಯ್ತು," ಎಂದರು.

ಕೃಷ್ಣರಾಜಪುರದವರೆಗೆ ಕರಿಬೇವು ಕೂತು ಬಂತು. ಅವರಿಬ್ಬರೂ ನಿಂತೇ ಬಂದರು.

ಬುಧವಾರ ಮುನಿವೆಂಕಟಪ್ಪನವರು ಬರಲಿಲ್ಲ. ಗುರುವಾರವೂ ಇಲ್ಲ. ಬೆನ್ನು ಹಿಡಿದುಕೊಂಡು ಮಲಗಿದ್ದಾರೆಂದು ಅವರೂರಿನವರು ಹೇಳಿದರು. ಕಾಲೇಜಿನಿಂದ ಎರಡು ಸಲ ಫೋನ್ ಬಂದಿತ್ತಂತೆ. ಹೀಗೇ ಆದರೆ ಬಿಟ್ಟುಬಿಡಿ ಎಂದು ಮನೆಯವರೂ ಅನ್ನುತ್ತಿದ್ದರಂತೆ. ಎರಡೂ ದಿನ ಸೆಲ್ವರಾಜ್ ಟವೆಲ್ ಹಾಸಿದರು. ಬಂಗಾರಪೇಟೆ ದಾಟಿದ ಮೇಲೆ ತಾವೇ ತೆಗೆದು, ಹತ್ತಿರ ನಿಂತವರಿಗೆ ಕೂರಲು ಹೇಳಿದರು.

ಗ್ರೂಪ್ ಸುಮ್ಮನಿರಲಿಲ್ಲ. ಬೆನ್ನುನೋವು ಇರುವವರಿಗೆ ಯಾವ ಕಾರು ಒಳ್ಳೆಯದು ಎಂಬ ಚರ್ಚೆ ಎತ್ತಿಕೊಂಡಿತು. ಎತ್ತರದ ಸೀಟೋ, ತಗ್ಗಿನ ಸೀಟೋ? ಮಸ್ಕತ್ತಿನವರು ಚಿತ್ರ ಸಮೇತ ಉತ್ತರಿಸಿದರು. ಅಷ್ಟು ಜನರಲ್ಲಿ ಒಬ್ಬರಾದರೂ ಮುನಿವೆಂಕಟಪ್ಪನವರಿಗೆ ಫೋನ್ ಮಾಡಿ, ಹೇಗಿದ್ದೀರಿ ಎಂದು ಕೇಳಿದರೇ?

ಒಬ್ಬರು ಕೇಳಿದರು. ಗುರುವಾರ ಸಂಜೆ, ವಾಪಸ್ ಬರುವ ರೈಲಿನಲ್ಲಿ, ಸೆಲ್ವರಾಜ್. ನನ್ನ ಪಕ್ಕದಲ್ಲೇ ಕೂತು, ಸ್ಪೀಕರ್ ಹಾಕಿ.

"ಅಣ್ಣ, ಅಡ್ಮಿನ್ ಸಾರ್ ಹತ್ರ ಹೇಳಿ ನಿಮ್ಮನ್ನ ಮತ್ತೆ ಸೇರಿಸ್ಲಾ?"

ಆ ಕಡೆ ಹಸು ಕೂಗುವುದು ಕೇಳಿಸಿತು. ಆಮೇಲೆ ದನಿ. "ಗ್ರೂಪಿಗೆ ಬರಾಕಿಲ್ಲ ಸೆಲ್ವಾ. ಸೀಟಿಗೆ ಬತ್ತೀನಿ."

ಸೆಲ್ವರಾಜ್ ಇದನ್ನು ಗ್ರೂಪಿಗೆ ತಿಳಿಸಿದರು. ಅದಕ್ಕೆ ಅವಕಾಶವಿದೆಯೇ ಎಂದು ಚರ್ಚೆ ಶುರುವಾಯಿತು. ಡೀಸೆಲ್ ಫಲಿತಾಂಶ ಇನ್ನೂ ಜಾರಿಯಲ್ಲಿದೆ ಎಂದು ಒಬ್ಬರು ನೆನಪಿಸಿದರು. ಸೆಲ್ವರಾಜ್ ಹತ್ತು ನಿಮಿಷ ಓದಿದರು. ಕಡೆಗೆ ಒಂದು ಸಾಲು ಬರೆದರು. "ಟವೆಲ್ ಗ್ರೂಪಿಂದಲ್ಲ, ನಂದು." ಆಮೇಲೆ ತೆರೆಯ ಮೇಲೆ ಆ ಸಣ್ಣ ಸಾಲು. ಸೆಲ್ವರಾಜ್ ಲೆಫ್ಟ್.

ಈ ಸೋಮವಾರ ಮುನಿವೆಂಕಟಪ್ಪನವರು ಹತ್ತಿದರು. ಸೊಂಟಕ್ಕೆ ಅಗಲದ ಬೆಲ್ಟ್. ಸೆಲ್ವರಾಜ್ ಟವೆಲ್ ಎತ್ತಿದರು, ಅವರು ಕೂತರು. ಕೋರಮಂಡಲ್ ಹತ್ತಿರ ನೆಲ ಎಷ್ಟು ಗಟ್ಟಿ ಎಂಬ ಬಗ್ಗೆ ತ್ಯಾಕಲ್ ಬರುವ ಮೊದಲೇ ಇಬ್ಬರಿಗೂ ಜಗಳ ಹತ್ತಿತು. ಬಾಯಿಂದಲೇ. ಪಕ್ಕದ ಬೆಂಚಿನವರು ಉಶ್ ಎಂದರು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಯಾವ ನಿಯಮವೂ ಈಗ ಅವರಿಗೆ ಅನ್ವಯಿಸುವುದಿಲ್ಲ.

ಬರೆಯುವ ಮುನ್ನ ಸಂಬಂಧಪಟ್ಟವರ ಪ್ರತಿಕ್ರಿಯೆ ಪಡೆಯಬೇಕು ಎಂಬುದು ನಮ್ಮ ಡೆಸ್ಕಿನ ಕ್ರಮ. ಹಾಗಾಗಿ ಈ ಬರಹವನ್ನು ಮೊನ್ನೆ ರೈಲಿನಲ್ಲೇ ಇಬ್ಬರಿಗೂ ಓದಿ ಹೇಳಿದೆ. ಸೆಲ್ವರಾಜ್ ಒಂದೇ ತಿದ್ದುಪಡಿ ಕೊಟ್ಟರು. ಟವೆಲ್ ನೀಲಿ ಎಂದು ಬರೆದಿದ್ದೆ, ಅದು ಹಸಿರು. ತಿದ್ದಿದ್ದೇನೆ.

ಮುನಿವೆಂಕಟಪ್ಪನವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಏನಾದರೂ ತಪ್ಪಿದೆಯೇ ಎಂದು ಕೇಳಿದೆ.

"ಎಲ್ಲಾ ಸರಿಯಾಗೈತೆ ಸಾರ್. ಅವ್ನಿಗೆ ನನ್ ಮೇಲೆ ಸಿಟ್ಟು, ನಂಗೆ ಅವ್ನ ಮೇಲೆ ಸಿಟ್ಟು, ಅಜ್ಜಿಗೆ ಸೊಂಟ ನೋವು," ಎಂದರು. "ನೀವ್ಯಾಕ್ ಸಾರ್ ಎದ್ದು ನಿಮ್ ಸೀಟು ಕೊಡ್ಲಿಲ್ಲ?"